ಎಲೆಗೆ ಐನೂರು

ಎಲೆಗೆ ಐನೂರು ರೂಪಾಯಿ.
ಮೂರು ಎಲೆ ಸೇರಿದರೆ ಊರಿನ ಯಾರದೋ ರಕ್ತ
ಒಂದು ಸಲ ಯಂತ್ರದೊಳಗೆ ಹೋಗಿ ತೊಳೆದು ಬರುತ್ತದೆ.
ರಸೀತಿ ಹರಿಯುವವನು ನಾನೇ.

ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತನಾಲ್ಕು ವರ್ಷ ಕೂತವನು.
ತುಂಬಿದ ಗಾಡಿ ಒಳಗೆ, ಖಾಲಿ ಗಾಡಿ ಹೊರಗೆ,
ಅದರಲ್ಲಿ ಇದನ್ನು ಕಳೆದರೆ ಕಬ್ಬು.
ಎತ್ತು ಕಾಲು ಬದಲಿಸಿದರೂ ಮುಳ್ಳು ಅಲುಗುತ್ತಿತ್ತು;
ಅದು ನಿಲ್ಲುವತನಕ ನಾನೂ ಉಸಿರು ಹಿಡಿಯುತ್ತಿದ್ದೆ.

ಈಗ ತೂಗುವುದು ವರ್ಷಕ್ಕೊಂದೇ ಸಲ.
ರೂಪಕಲಾ ಸ್ಮಾರಕ ಪ್ರತಿಷ್ಠಾನ, ಮಂಡ್ಯ.
ಕಷ್ಟದಲ್ಲಿ ಕೆಚ್ಚು ತೋರಿದವರಿಗೆ ಸನ್ಮಾನ,
ಈ ಸಲ ಹದಿನೇಳು ಅರ್ಜಿ.
ಸುಟ್ಟ ಮುಖದ ಫೋಟೋ, ಲಾರಿ ಮುಳುಗಿದ್ದಕ್ಕೆ ಪೊಲೀಸರ ಮಹಜರು,
ಮೂರನೇ ಸಲ ಎಸ್ಸೆಸ್ಸೆಲ್ಸಿ ಕಟ್ಟಿದ ಕುರುಡ ಹುಡುಗ.
ಕಮಿಟಿಯವರು ಕನ್ನಡಕ ಏರಿಸಿ ಕೇಳುತ್ತಾರೆ:
ಯಾರದು ಹೆಚ್ಚು ಬರುತ್ತೆ, ನೀವೇ ಹೇಳಿ ಸಾರ್, ನಿಮಗೆ ಅಭ್ಯಾಸ.

ನನ್ನ ಮಗಳು ಕಡೆಗೆ ಮೂವತ್ತೊಂದು ಕೆ.ಜಿ. ಇದ್ದಳು.
ಯಾವುದರಲ್ಲಿ ಯಾವುದನ್ನು ಕಳೆಯಲಿ?

ಸತ್ತವರ ಹೆಸರಲ್ಲಿ ಉಣ್ಣುವುದು ನಮ್ಮ ಕಡೆ ಹೊಸದಲ್ಲ.
ಎಡೆ ಇಟ್ಟು, ಬಾಗಿಲು ಹಾಕಿ, ಹೊರಗೆ ಒಂದು ಗಳಿಗೆ ನಿಂತು
ಕೆಮ್ಮಿ ಒಳಗೆ ಹೋಗುವವರು ನಾವು.
ಇದಕ್ಕೆ ಮೈಕಿದೆ, ಬ್ಯಾನರಿದೆ, ಅಷ್ಟೇ.
ಗುತ್ತಲು ರಸ್ತೆಯ ಸಮುದಾಯ ಭವನ, ಸಂಜೆ ಆರೂವರೆ,
ಮುದ್ದೆ, ಬಸ್ಸಾರು, ಒಬ್ಬಟ್ಟು.
ಅಕ್ಕಿ ಗಿರಣಿಯವರು, ವಕೀಲರು, ಚಿನ್ನದಂಗಡಿಯವರು,
ಟಿಕೆಟ್ ಕೊಂಡೂ ಬಾರದ ಇಬ್ಬರು ಡಾಕ್ಟರು.

ಈ ಸಲ ಜವರಮ್ಮ, ಕೊಪ್ಪದ ಕಡೆಯ ಆಲೆಮನೆಯವಳು.
ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಮೊಣಕೈವರೆಗೂ ಹೋಯಿತು.
ಎರಡು ವರ್ಷಕ್ಕೆ ಅದೇ ಗಾಣವನ್ನು ಗುತ್ತಿಗೆ ಹಿಡಿದಳು.
ನಿರೂಪಣೆಯ ಹುಡುಗಿ ಬರೆದು ತಂದದ್ದನ್ನು ಓದಿದಳು:
ಆ ಹೊತ್ತಲ್ಲಿ ಅಷ್ಟು ಧೈರ್ಯ ನಿಮಗೆ ಎಲ್ಲಿಂದ ಬಂತಮ್ಮ?

"ಧೈರ್ಯ ಎಲ್ಲಿದ್ದದವ್ವ, ಕೊಪ್ಪರಿಗೇಲಿ ಪಾಕ ಬಂದಿತ್ತು.
ಬೆಂಕಿ ಎಳೀರ್ಲಾ, ತಳ ಹಿಡೀತದೆ ಅಂತ ಕೂಗ್ದೆ.
ಕೈ ಆಮೇಲೆ ಗ್ಯಾನಕ್ಕೆ ಬಂತು."

ಸಭೆ ನಕ್ಕಿತು. ನಗು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ
ಹಿಂದಿನ ಸಾಲಲ್ಲಿ ಇನ್ನೂ ಒಬ್ಬ ನಗುತ್ತಲೇ ಇದ್ದ.
ಗಾಜಿನ ಫಲಕ ಕೊಡಹೋದವರು ಗಾಳಿಯಲ್ಲಿ ತಡೆದು ನಿಂತರು;
ಕೊಡೆ ಸಿಗಿಸಿಕೊಳ್ಳುವ ಹಾಗೆ ಅವಳು ಕಂಕುಳಿಗೆ ಸಿಗಿಸಿಕೊಂಡಳು.
ಒಂದು ಕೈಲಿ ಚಪ್ಪಾಳೆಯಾಗದು ಅಂತಾರೆ.
ಕುರುಡ ಹುಡುಗನಿಗೆ ಪುಸ್ತಕದ ದುಡ್ಡು ಕೊಟ್ಟಾಗ
ಅವಳು ಮೇಜಿಗೆ ಬಡಿದ ಬಡಿತಕ್ಕೆ ಲೋಟ ಉರುಳಿತು,
ಅಧ್ಯಕ್ಷರ ಪಂಚೆ ನೆನೆಯಿತು.

ಊಟಕ್ಕೆ ಕೂತು ಎಡಗೈಯಲ್ಲೇ ಮುದ್ದೆ ಮುರಿದಳು.
ಯಾರೂ ನೋಡಲಿಲ್ಲ.
ನೋಡದಿರಲು ಅವರು ಪಟ್ಟ ಪಾಡು ನೋಡಬೇಕಿತ್ತು.

ರೂಪಿಗೆ ದಿನಕ್ಕೆ ಮೂರು ಲೋಟ ನೀರು, ಅಳೆದು.
ಮನೆಯ ಹಿಂದೆಯೇ ನಾಲೆ ತುಂಬಿ ಹರಿಯುತ್ತಿತ್ತು.
ಕಿಟಕಿ ಹಾಕಪ್ಪ, ಕೇಳಿಸುತ್ತೆ, ಅನ್ನುತ್ತಿದ್ದಳು.

ಅದಕ್ಕೇ, ಎಲ್ಲ ಹೋದ ಮೇಲೆ ನಂದೊಂದು ಕೆಲಸ ಇರುತ್ತೆ.
ಒಂದು ಗುಟುಕು ಕುಡಿದು ಬಿಟ್ಟ ಬಾಟಲಿ,
ಮುಕ್ಕಾಲು ಉಳಿದದ್ದು, ತುಟಿಯೇ ಸೋಕದ್ದು,
ಎಲೆ ಎತ್ತುವವರಿಗಿಂತ ಮುಂಚೆ ಎಲ್ಲ ಬಕೆಟ್ಟಿಗೆ ಸುರಿಯುತ್ತೇನೆ.
ಯಾಕೆ ಅಂತ ಯಾರೂ ಕೇಳಿಲ್ಲ, ಮುದುಕನ ಚಾಳಿ.

ಮಗನ ಆಟೋ ಬರುವತನಕ ಜವರಮ್ಮ ಕಂಬಕ್ಕೊರಗಿ ನೋಡಿದಳು.
ಆಮೇಲೆ ಶಾಲು ಕುರ್ಚಿಗೆ ಹಾಕಿ ಬಂದಳು.
ನಾನು ಮುಚ್ಚಳ ತಿರುವುತ್ತ ಹೋದೆ,
ಅವಳು ಸುರಿಯುತ್ತ ಬಂದಳು.
ಎರಡು ಬಕೆಟ್ಟು ತುಂಬಿತು. ಗೇಟಿನ ಹೊಂಗೆ ಮರಕ್ಕೆ, ಅಂದೆ.
ಒಂದನ್ನು ಎತ್ತಿಕೊಂಡು, ಒಂದು ಹೆಜ್ಜೆ ವಾಲಿ, ಸರಿಯಾಗಿ ನಿಂತು,
"ತೂಕವೇ ಅದೆ ಕಣಪ್ಪ" ಅಂದಳು.